ಕಹಿ ನೀರು ಇಳಿಯದ ಉಪ್ಪು

ನನ್ನ ನೆಗೆಣ್ಣಿಯ ಮೇಲೆ, ಅಂದರೆ ಮೈದುನನ ಹೆಂಡತಿಯ ಮೇಲೆ, ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಹೊಳೆ ದಂಡೆಯ ಗಣೇಶಗುಡಿ ಎಂಬ ಊರಲ್ಲಿ ಅವಳದೊಂದು ಹೋಂಸ್ಟೇ ಇದೆ. ರಾಫ್ಟಿಂಗಿಗೆ ಬಂದವರು ಅವಳು ಬಡಿಸಿದ ಕೆಂಪಕ್ಕಿ ಗಂಜಿ, ಹುರುಳಿ ಸಾರು ಉಂಡು ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಹೋಗಲಿ, ಅದನ್ನು ಹೇಗೋ ನುಂಗಿಕೊಂಡೆ. ಆದರೆ ದಾಂಡೇಲಿಯಲ್ಲಿ ನನ್ನ ಜೊತೆಗಿರುವ ಅತ್ತೆ, ಇಷ್ಟು ವರ್ಷ ನನ್ನ ಕೈಯ ಅನ್ನ ಉಂಡವರು, ಅಲ್ಲಿ ನಾಲ್ಕು ದಿನ ಇದ್ದು ಬಂದು, "ಅಕಿ ಕೈಯಾಗ ಏನೋ ರುಚಿ ಐತಿ ನೋಡವಾ" ಎಂದುಬಿಟ್ಟರು. ನನ್ನ ಅಡುಗೆಗೆ ಒಂದು ದಿನವೂ ಅಂಥ ಮಾತು ಬಂದಿರಲಿಲ್ಲ. ಅತ್ತೆಯ ಬಾಯಲ್ಲಿ ಅದನ್ನು ಕೇಳಲೇಬೇಕು ಎಂಬ ಹಟ ಹಿಡಿಯಿತು.

ಕೈಗುಣವೂ ಇಲ್ಲ, ಮಣ್ಣೂ ಇಲ್ಲ, ಎಲ್ಲ ಅವಳ ಉಪ್ಪಿನ ಮಹಿಮೆ ಎಂದು ತೀರ್ಮಾನಿಸಿದೆ. ಅವಳು ಪ್ಯಾಕೆಟ್ಟಿನ ಪುಡಿ ಉಪ್ಪು ಮುಟ್ಟುವುದಿಲ್ಲ. ಸಮುದ್ರದ ಬೂದು ಹರಳುಪ್ಪನ್ನು ಬುಟ್ಟಿಯಲ್ಲಿ ತೂಗುಹಾಕಿರುತ್ತಾಳೆ. ಬಂದವರಿಗೆ ಖನಿಜಗಳ ಪಾಠ ಬೇರೆ. ನಾನೇನು ಕಡಿಮೆ? ಕಾರವಾರದ ಕಡೆ ಹೋಗುವ ಲಾರಿಯವರಿಗೆ ಹೇಳಿ ಆ ಬೇಸಿಗೆಯ ಹೊಸ ಉಪ್ಪನ್ನು ಒಂದು ಚೀಲ ತರಿಸಿದೆ. ಜೋಯಿಡಾದಿಂದ ಮಾವಿನ ಮಿಡಿಯೂ ಬಂತು.

ಚೀಲದ ಬುಡದಲ್ಲಿ ನೀರು ಒಸರುತ್ತಿತ್ತು. ಅತ್ತೆ ನೋಡಿದರು.

"ಹೊಸಾ ಉಪ್ಪು ಒಂದು ಮಳಿಗಾಲ ಬುಟ್ಟ್ಯಾಗ ತೂಗಹಾಕಬೇಕವಾ. ಕಹಿ ನೀರು ಇಳದ ಮ್ಯಾಲ ಉಪ್ಪಿನಕಾಯಿಗೆ ಹಾಕೂದು."

"ಆ ನೀರಾಗನ ಮೆಗ್ನೀಸಿಯಂ ಇರತೈತ್ರಿ ಅತ್ತಿ. ಖನಿಜ ಎಲ್ಲಾ ಚೆಲ್ಲಿದ್ರ ಹೆಂಗ?" ಎಂದೆ. ಫೋನಿನಲ್ಲಿ ಓದಿದ್ದೆನಲ್ಲ. ಚೀಲದ ಕೆಳಗೆ ಬೋಗುಣಿ ಇಟ್ಟು, ಸೋರಿದ ನೀರನ್ನೂ ಹಿಡಿದು ಮಿಡಿಗೆ ಸುರಿದೆ. ವರ್ಷದ ಉಪ್ಪಿನಕಾಯಿ, ಒಂದು ದೊಡ್ಡ ಭರಣಿ ತುಂಬ.

ಒಂದು ತಿಂಗಳಾದ ಮೇಲೆ ಭರಣಿ ತೆಗೆದು ನಾಲಿಗೆಗೆ ಹಚ್ಚಿದೆ. ಕಹಿ ಎಂದರೆ ಕಹಿ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆಸ್ಪತ್ರೆಯ ನರ್ಸಬಾಯಿಯನ್ನು ಮಾತ್ರ ಯಾರದೋ ವಿಷಯವೆಂಬಂತೆ ಕೇಳಿದೆ. "ಖನಿಜ ಬೇಕಂದ್ರ ರಾಗಿ, ಎಳ್ಳು, ರಾಜಗಿರಿ ಸೊಪ್ಪು ತಿನ್ರಿ. ಉಪ್ಪಿನಾಗಿಂದು ಎಷ್ಟರ ಸಿಗತೈತಿ? ದಿನದ ಅಡಗಿಗೆ ಮಾತ್ರ ಅಯೋಡಿನ್ ಇರೂ ಉಪ್ಪ ಇರಲಿ" ಎಂದಳು. ಇದನ್ನು ಫೋನು ನನಗೆ ಹೇಳಿರಲಿಲ್ಲ, ಅಥವಾ ನಾನೇ ಅಲ್ಲಿತನಕ ಓದಿರಲಿಲ್ಲ.

ಅತ್ತೆ ದಿನಾ ಒಂದು ಮಿಡಿ ಹಾಕಿಸಿಕೊಂಡು ಗಂಜಿ ಉಣ್ಣುತ್ತಿದ್ದರು. ಚಲೋ ಐತಿ ಅನ್ನಲಿಲ್ಲ, ಕಹಿ ಐತಿ ಅಂತಲೂ ಅನ್ನಲಿಲ್ಲ. ಗಣೇಶಗುಡಿಗೆ ಹೋಗಿ ಹೇಳಲೆಂದೇ ಮಾತು ಕೂಡಿಡುತ್ತಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ಬೆಂದೆ.

ಮಳೆ ಕಡಿಮೆಯಾದ ಮೇಲೆ ನೆಗೆಣ್ಣಿ ಬಂದಳು. ಬಂದವಳೇ ಅಡುಗೆಮನೆಗೆ ನುಗ್ಗಿ ಭರಣಿಗೆ ಕೈ ಹಾಕಿದಳು. ಒಂದು ಚೂರು ಕಡಿದು ಮುಖ ಕಿವುಚಿದಳು. ಇನ್ನು ಶುರುವಾಯಿತು ಎಂದು ನಾನೂ ಸೆರಗು ಕಟ್ಟಿ ನಿಂತೆ. ಅವಳು ನಗಲಿಲ್ಲ.

"ಹಿಂಗ ಅಂತ ಗೊತ್ತಿರಲಿಲ್ಲ ಅಕ್ಕಾ. ನಂದೊಂದ್ ಭರಣಿ ತರ್ತೇನಿ ಅಂತ ಫೋನ್ ಮಾಡಿದಾಗೆಲ್ಲಾ ಕೇಳೇನಿ. ಅತ್ತಿ ಬ್ಯಾಡ ಅಂದ್ರು. ಹಿರೇಸೊಸಿ ಹಾಕಿದ್ದು ಮುಗೀಲಿ ಅಂತಾರ."

ಕೈ ತೊಳೆದುಕೊಂಡು, ನನ್ನ ಕಡೆ ನೋಡದೆ ಹೇಳಿದಳು: "ನಂದು ಚಲೋ ಇದ್ರ ತಿಂತಾರ. ನಿಮ್ಮದು ಕಹಿ ಇದ್ರೂ ತಿಂತಾರ."

ಆ ದನಿಯಲ್ಲಿದ್ದ ಉರಿಯನ್ನು ನಾನು ಗುರುತಿಸದೆ ಇನ್ಯಾರು ಗುರುತಿಸಬೇಕು? ಹಿರಿಯಳಾಗಿ ಒಂದು ಸಮಾಧಾನದ ಮಾತು ಆಡಬೇಕಿತ್ತು. ಆಡಲಿಲ್ಲ. ಅಷ್ಟು ಖುಷಿಯಾಗಿತ್ತು ನನಗೆ.