ಕಾಫಿ ಕುಡಿಯದ ಮ್ಯಾನೇಜರು ಓಟು ಕೇಳಿದ್ದು

ಆಗ ನನಗೆ ಅರವತ್ಮೂರು. ಹನ್ನೆರಡು ವರ್ಷದ ಹಿಂದಿನ ಮಾತು. ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ಕಾಫಿ ಬೇಡವೆಂದು ಡಾಕ್ಟರು ಹೇಳಿದ್ದ ಕಾಲ. ಆದರೂ ಭದ್ರಾವತಿಯ ಒಂದು ವಾರ್ಡಿನಲ್ಲಿ ನಾನು ಕಾಫಿ ಕುಡಿಯದೆ ಬಿಟ್ಟ ಮನೆ ಕಡಿಮೆ. ನಾಲಿಗೆಯ ಚಪಲಕ್ಕಲ್ಲ, ರಾಜಕೀಯಕ್ಕೆ.

ನನ್ನ ಮೈದುನ ಮಹಾಲಿಂಗಪ್ಪ ಭದ್ರಾವತಿಯ ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ. ನಾನು ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ, ಹಾಗಾಗಿ ಏಕವಚನ. ಒಳ್ಳೆಯ ಮನುಷ್ಯ, ಆದರೆ ಒಂದು ಕಾಯಿಲೆ. ಯಾರ ಮನೆಯಲ್ಲೂ ಕಾಫಿ ಕುಡಿಯುತ್ತಿರಲಿಲ್ಲ. ಕಾಫಿ ಕುಡಿದ ಮನೆಯವನು ನಾಳೆ ಸಾಲ ಕೇಳಿಕೊಂಡು ಬಂದರೆ ಇಲ್ಲ ಅನ್ನುವುದು ಹೇಗೆ ಎಂಬುದು ಅವನ ಲೆಕ್ಕ. ಭದ್ರಾವತಿಯಲ್ಲಿ ಸಾಲ ಬೇಡವೆನ್ನುವವರು ಯಾರಿದ್ದಾರೆ? ಆದ್ದರಿಂದ ಇಡೀ ಊರಿನಲ್ಲಿ ಅವನು ಎಲ್ಲಿಯೂ ಕುಡಿಯಲಿಲ್ಲ. ಮದುವೆಗೆ ಹೋದರೆ ಅಕ್ಷತೆ ಹಾಕಿ, ಊಟದ ಪಂಕ್ತಿಯ ಕಡೆ ಕಣ್ಣೆತ್ತದೆ ಬಂದುಬಿಡುತ್ತಿದ್ದ. ಕೇಳಿದವರಿಗೆಲ್ಲ ಒಂದೇ ಉತ್ತರ: “ಈಗಷ್ಟೇ ಆಯ್ತು.”

ಬ್ಯಾಂಕಿನವರಿಗೆ ಈ ಗುಣ ಭೂಷಣವೇ ಇರಬಹುದು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನಗೆ ಬ್ಯಾಂಕಿನ ಧರ್ಮ ಗೊತ್ತಿಲ್ಲ. ಕಾಫಿಯ ಧರ್ಮ ಗೊತ್ತು. ಕಾಫಿ ಕೊಡುವವರು ಬಾಯಾರಿಕೆಗೆಂದು ಕೊಡುವುದಿಲ್ಲ, ಬಾಯಾರಿಕೆಗೆ ನೀರಿದೆ. ಒಂದು ಗಳಿಗೆ ಕೂತು ಹೋಗು ಅನ್ನುವುದನ್ನೇ ಲೋಟದಲ್ಲಿ ಹಾಕಿ ಕೊಡುತ್ತಾರೆ. ಅದು ಬೇಡವೆಂದರೆ ಮನೆಯೇ ಬೇಡವೆಂದ ಹಾಗೆ.

ಇಂಥವನು ರಿಟೈರಾದ ಮೇಲೆ ನಗರಸಭೆ ಎಲೆಕ್ಷನ್ನಿಗೆ ನಿಂತ. ಊರಿನ ಸೇವೆಗೆ ಎಂದು ಎಲ್ಲರಿಗೂ ಹೇಳಿದ. ನಿಜ ಹೇಳಿದವಳು ಅವನ ಹೆಂಡತಿ ವಿಶಾಲು. ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿದ್ದ ನನ್ನ ಮನೆಗೆ ಅಳುತ್ತಾ ಬಂದಳು.

“ಅಕ್ಕಾ, ಹೆಂಗಾದ್ರೂ ಮಾಡಿ ಇವರನ್ನ ಗೆಲ್ಲಿಸಿ. ಬೆಳಿಗ್ಗೆ ಎದ್ದರೆ ಅಡಿಗೆಮನೇಲಿ ಕುರ್ಚಿ ಹಾಕ್ಕೊಂಡು ಕೂರ್ತಾರೆ. ಒಗ್ಗರಣೆಗೆ ಎಣ್ಣೆ ಹಾಕಿದ್ರೆ, ಇಷ್ಟು ಯಾಕೆ ಅಂತಾರೆ. ಬೇಳೆ ಡಬ್ಬಕ್ಕೆ ಕೈ ಹಾಕಿದ್ರೆ, ನಿನ್ನೆ ತಾನೇ ತೆಗೆದಿದ್ದೆಯಲ್ಲ ಅಂತಾರೆ. ಸೋತರೆ ನಾನು ಸತ್ತೆ.”

ದೇಶ ಉಳಿಸಲು ಎಲೆಕ್ಷನ್ನಿಗೆ ನಿಲ್ಲುವವರಿದ್ದಾರಂತೆ. ನಮ್ಮದು ಅಡಿಗೆಮನೆ ಉಳಿಸುವ ಎಲೆಕ್ಷನ್ನು. ನಾನು ಎರಡು ಸೀರೆ ಹಿಡಿದು ಭದ್ರಾವತಿ ಬಸ್ಸು ಹತ್ತಿದೆ.

ಓಟು ಕೇಳಲು ಹೋದ ಮೊದಲನೇ ಮನೆಯಲ್ಲೇ ಎಡವಟ್ಟಾಯಿತು. ಆ ಮನೆಯಾಕೆ ತಟ್ಟೆಯಲ್ಲಿ ಲೋಟ ಜೋಡಿಸಿಕೊಂಡು ಬಂದಳು. ಮಹಾಲಿಂಗಪ್ಪನ ಕೈ ತಾನಾಗಿ ಅಡ್ಡ ಹೋಯಿತು. “ಬೇಡಮ್ಮ, ಈಗಷ್ಟೇ ಆಯ್ತು.”

“ನನ್ನ ಮಗಳ ಮದುವೇಲೂ ಈಗಷ್ಟೇ ಆಯ್ತು ಅಂದ್ರಿ ಸಾರ್. ಅವಳ ಮಗ ಈಗ ಕಾಲೇಜಿಗೆ ಹೋಗ್ತಾನೆ. ನಿಮಗಿನ್ನೂ ಈಗಷ್ಟೇ ಆಗ್ತಾನೇ ಐತಲ್ಲ!”

ನಾನು ಅವನ ಲೋಟವನ್ನೂ ತೆಗೆದುಕೊಂಡು ಕುಡಿದೆ. ಅಲ್ಲಿಂದ ಮುಂದೆ ಮನೆಗೆ ಎರಡು ಲೋಟ, ನನ್ನದೊಂದು, ಅಭ್ಯರ್ಥಿಯದೊಂದು. ಬೆಲ್ಲದ ಕಾಫಿ, ನೀರು ಕಾಫಿ, ಹೊಗೆ ವಾಸನೆಯ ಕಾಫಿ, ಗಂಡನ ಮೇಲಿನ ಸಿಟ್ಟಿಗೆ ಮಾಡಿದ ಕಾಫಿ. ಜನ ನನ್ನ ಹತ್ತಿರ ಚೆನ್ನಾಗಿಯೇ ಮಾತಾಡಿದರು. ಅವನನ್ನು ಮಾತ್ರ ಕೌಂಟರಿನ ಆಚೆ ಕೂತವನನ್ನು ನೋಡುವ ಹಾಗೇ ನೋಡಿದರು. ಎರಡು ದಿನಕ್ಕೆ ನನ್ನ ಹೊಟ್ಟೆ ಬೆಂಕಿಯಾಯಿತು.

“ಮಾರಾಯ, ಓಟು ನಿನಗೆ, ಹೊಟ್ಟೆ ನನ್ನದಾ? ನಾಳೆಯಿಂದ ನೀನೇ ಕುಡಿ. ಇಲ್ಲದಿದ್ರೆ ನಾನು ಕೋಟೆಗೆ ಹೋಗ್ತೀನಿ” ಅಂದೆ.

ಕುಡಿದ. ಮೊದಲು ಕಷಾಯದ ಹಾಗೆ ಮೂಗು ಹಿಡಿದು ಕುಡಿದ, ಆಮೇಲೆ ಕೂತು ಕುಡಿದ, ಕೊನೆಗೆ “ಇನ್ನೊಂಚೂರು ಇದೆಯಾ?” ಅಂತ ಕೇಳುವಷ್ಟಾದ. ಜನವೂ ನಕ್ಕರು. ಗೆದ್ದೆವು ಎಂದುಕೊಂಡು ವಿಶಾಲು ಹೊಸ ಎಣ್ಣೆ ಡಬ್ಬ ತರಿಸಿದಳು.

ಪ್ರಚಾರದ ಕೊನೆಯ ದಿನ ಎದುರಾಳಿಯ ಮನೆಗೂ ಹೋಗಿ ಕೈಮುಗಿಯುವುದು ನಮ್ಮ ಕಡೆಯ ಮರ್ಯಾದೆ. ಎದುರಾಳಿ ಸೈಕಲ್ ಶಾಪಿನ ಪಳನಿ. ಅವನು ಇರಲಿಲ್ಲ, ಅವನ ತಾಯಿ ಪೊನ್ನಮ್ಮ ಇದ್ದಳು. ಗಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿದ ಕಾಲದಲ್ಲಿ ತಮಿಳುನಾಡಿನಿಂದ ಬಂದವಳು. ಅವಳು ಕೊಟ್ಟ ಫಿಲ್ಟರ್ ಕಾಫಿ ಇದೆಯಲ್ಲ, ಹೊಟ್ಟೆ ಸುಡುತ್ತಿದ್ದ ನಾನೂ ಬಿಡಲಿಲ್ಲ. ಮಹಾಲಿಂಗಪ್ಪ ಕಣ್ಣು ಮುಚ್ಚಿ ತಳದ ಸಕ್ಕರೆಯವರೆಗೂ ಕುಡಿದ. ಅವನು ಲೋಟ ಕೆಳಗಿಟ್ಟದ್ದೇ ತಡ, ಪೊನ್ನಮ್ಮ ಕೈಮುಗಿದಳು.

“ಸಾಮಿ, ನೀನು ದೊಡ್ಡೋನು. ನನ್ನ ಮಗನಿಗೆ ನಿನ್ನದೊಂದು ಓಟು ಹಾಕ್ಬುಡು ಸಾಮಿ.”

ಬೇರೆ ಯಾವ ಪುಢಾರಿಯಾದರೂ ನಕ್ಕು ಎದ್ದು ಬರುತ್ತಿದ್ದ. ನಮ್ಮವನು ಖಾಲಿ ಲೋಟ ನೋಡಿದ, ಪೊನ್ನಮ್ಮನನ್ನು ನೋಡಿದ, “ಆಗಲಮ್ಮ” ಅಂದ.

ಹಿಂದೆ ಬಾವುಟ ಹಿಡಿದು ನಿಂತಿದ್ದವರಲ್ಲಿ ಒಬ್ಬ ಕೇಳಿಯೇ ಬಿಟ್ಟ: “ಅಣ್ಣಾ, ಹಂಗಾದ್ರೆ ನಾವು ಯಾರಿಗೆ ಹಾಕೋದು?”

ದಾರಿಯಲ್ಲಿ ನಾನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿಕೊಂಡು ಹೇಳಿದ: “ಕುಡಿದ ಮೇಲೆ ಇಲ್ಲ ಅನ್ನೋಕೆ ನನಗೆ ಬರಲ್ಲ ಅತ್ತಿಗೆ. ಅದಕ್ಕೇ ಅಲ್ವಾ ಇಷ್ಟು ವರ್ಷ ಕುಡೀದೆ ಇದ್ದಿದ್ದು?”

ಇಲ್ಲ ಅನ್ನುವವನು ಗಟ್ಟಿ ಮನುಷ್ಯ ಎಂದು ಊರೆಲ್ಲ ತಿಳಿದಿತ್ತು, ನಾನೂ ತಿಳಿದಿದ್ದೆ. ಅವನು ಗಟ್ಟಿಯಾಗಿರಲಿಲ್ಲ, ಮೆತ್ತಗಿದ್ದ. ಮೆತ್ತಗಿದ್ದದ್ದಕ್ಕೇ ಬಾಗಿಲು ಹಾಕಿಕೊಂಡಿದ್ದ. ಓಟಿನ ದಿನ ಮಾತು ಉಳಿಸಿಕೊಂಡ ಎಂದೇ ನನ್ನ ನಂಬಿಕೆ. ಬೂತಿನಿಂದ ಹೊರಗೆ ಬಂದಾಗ ಅವನ ಮುಖ ಸಾಲ ಮಂಜೂರು ಮಾಡಿದ ಮ್ಯಾನೇಜರನ ಹಾಗಿತ್ತು.

ಪಳನಿ ಗೆದ್ದ. ಮಹಾಲಿಂಗಪ್ಪ ತನಗೆ ತಾನೇ ಓಟು ಹಾಕಿಕೊಳ್ಳದವನು ಎಂದು ವಾರ್ಡೆಲ್ಲ ನಕ್ಕಿತು. ನಕ್ಕವರಿಗೂ ಅವನ ಮೇಲೆ ಸಿಟ್ಟಿರಲಿಲ್ಲ, ಅದೊಂದು ಲಾಭ. ಆದರೆ ಆ ಲಾಭದಿಂದ ವಿಶಾಲುಗೆ ಏನು ಬಂತು? ಫಲಿತಾಂಶ ಬಂದ ಸಂಜೆಯೇ ಅವನು ಕುರ್ಚಿ ಎತ್ತಿಕೊಂಡು ಅಡಿಗೆಮನೆಗೆ ಹೋದ. “ಈ ಎಣ್ಣೆ ಡಬ್ಬ ಯಾವಾಗ ಬಂತು?” ಎಂಬ ದನಿ ಕೇಳಿಸಿತು. ವಿಶಾಲು ನನ್ನ ಮುಖ ನೋಡಿದಳು.

ಮಾರನೇ ದಿನ ಬೆಳಿಗ್ಗೆ ಅವನು ಏಳುವ ಮೊದಲೇ ಆ ಕುರ್ಚಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಂದೆ. ಅವನು ಎದ್ದ ಕೂಡಲೇ ಇಸ್ತ್ರಿ ಮಾಡಿದ ಅಂಗಿ ಕೈಗೆ ಕೊಟ್ಟು, “ಸೋತವನು ಮನೆ ಮನೆಗೆ ಹೋಗಿ ಉಪಕಾರ ಆಯ್ತು ಅಂತ ಹೇಳಿ ಬರಬೇಕು, ಯಾರ ಮನೇನೂ ಬಿಡಬಾರ್ದು, ಕಾಫಿ ಕೊಟ್ರೆ ಬೇಡ ಅನ್ನಬಾರ್ದು” ಎಂದು ಹೇಳಿ, ಬೀದಿಗೆ ಬಿಟ್ಟು, ಒಳಗಿನಿಂದ ಚಿಲಕ ಹಾಕಿದೆ.