ಪುಕ್ಸಟ್ಟೆ ಜಿರಾಫೆ

ಹುಲಿಯ ಉಚ್ಚೆ ಯಾವ ವಾಸನೆ ಬರುತ್ತದೆ, ಹೇಳಿ ನೋಡೋಣ? ಮೂಗು ಮುಚ್ಚಿಕೊಳ್ಳಬೇಡಿ. ನಿಮ್ಮಲ್ಲಿ ಎಷ್ಟೋ ಜನ ಅದೇ ವಾಸನೆಯನ್ನು ಊಟದ ಹೊತ್ತಿನಲ್ಲಿ ಮೂಗರಳಿಸಿ ಎಳೆದುಕೊಂಡು ‘ಆಹಾ’ ಅಂದಿದ್ದೀರಿ. ಗಂಧಸಾಲೆ ಅಕ್ಕಿ ಕುದಿ ಬಂದಾಗ ಮೇಲೇಳುವ ಘಮ ಇದೆಯಲ್ಲ, ಹೆಚ್ಚುಕಡಿಮೆ ಅದೇ. ನಾನು ಹುಟ್ಟಿದ್ದು ಎಚ್.ಡಿ. ಕೋಟೆಯಿಂದಾಚೆ, ಕೇರಳದ ಗಡಿಯ ಹತ್ತಿರವಿರುವ ಎನ್. ಬೇಗೂರಿನಲ್ಲಿ. ಸೌದೆಗೆ ಹೋದಾಗ ನಡುಕಾಡಿನಲ್ಲಿ ಅನ್ನದ ವಾಸನೆ ಬಂದರೆ ಅಲ್ಲಿ ಯಾರೂ ಒಲೆ ಹಚ್ಚಿಲ್ಲ, ತೆಪ್ಪಗೆ ಹಿಂದಕ್ಕೆ ತಿರುಗಬೇಕು ಎಂಬುದು ನಮ್ಮೂರ ಮಕ್ಕಳಿಗೆ ಹಾಲುಹಲ್ಲು ಬೀಳುವ ಮೊದಲೇ ಗೊತ್ತಿತ್ತು.

ಮೊನ್ನೆ ಮೈಸೂರಿನ ಮಗನ ಮನೆಯಲ್ಲಿ ಆ ಘಮ ಮೂಗಿಗೆ ಬಡಿಯಿತು. ಬೇಸಿಗೆ ರಜಕ್ಕೆಂದು ನಾನು ಹುಣಸೂರಿನಿಂದ ಹೋಗಿದ್ದೆ. ಮೊಮ್ಮಕ್ಕಳಿಬ್ಬರೂ ಸೋಫಾದ ಮೇಲೆ ಕಾಲು ಮೇಲೆ ಮಾಡಿ ಬಿದ್ದುಕೊಂಡು ‘ಬೋರು, ಬೋರು’ ಎಂದು ರಾಗ ಎಳೆಯುತ್ತಿದ್ದರು. ಸೊಸೆ ಕುಕ್ಕರಿನಲ್ಲಿ ಒಳ್ಳೆಯ ಅಕ್ಕಿ ಇಟ್ಟು, ದುಡ್ಡು ಕೊಡದೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು ಎಂದು ಫೋನಿನಲ್ಲಿ ಹುಡುಕುತ್ತಿದ್ದಳು. ಆ ಘಮ, ಈ ಹುಡುಕಾಟ ಎರಡೂ ಸೇರಿದ್ದೇ ತಡ… ನಮ್ಮ ಅತ್ತೆ ಬಂದು ಎದುರಿಗೆ ಕೂತಂತಾಯಿತು. ಪುಕ್ಸಟ್ಟೆ ತಿರುಗಾಟ ಎಂದರೆ ಅತ್ತೆಯೇ. ಅವಳ ಮುಂದೆ ಈ ಫೋನು ಯಾವ ಲೆಕ್ಕ!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮೈಸೂರಿಗೆ ಮದುವೆಯಾಗಿ ಹೋಗಿ ಒಂದು ವಠಾರದಲ್ಲಿದ್ದಳು. ಗಂಡನಿಗೆ ಗಿರಣಿಯಲ್ಲಿ ಕೆಲಸ, ನನಗಿಂತ ದೊಡ್ಡವರಾದ ಇಬ್ಬರು ಗಂಡುಮಕ್ಕಳು. ಪ್ರತಿ ಬೇಸಿಗೆಯಲ್ಲೂ ಅಪ್ಪ ನನ್ನನ್ನು ಅಲ್ಲಿಗೆ ಬಿಟ್ಟು ಬರುತ್ತಿದ್ದ. ಅವ್ವ ಗಂಧಸಾಲೆ ಅಕ್ಕಿಯನ್ನು ಕೇರಿ, ಕಲ್ಲು ಆರಿಸಿ, ಒಂದು ಚೀಲ ಕಟ್ಟಿ ಕೊಡುತ್ತಿದ್ದಳು. “ನಿಮ್ಮತ್ತೆಗೆ ಕೊಡು ಮಗಾ. ಪಾಪ, ನಿನ್ನ ಊರೆಲ್ಲ ತಿರುಗಾಡುಸ್ತದೆ” ಅನ್ನುತ್ತಿದ್ದಳು. ಅವ್ವ ಮೈಸೂರು ನೋಡಿದವಳಲ್ಲ.

ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಬಂದ್ಲು ನೋಡ್ರಪ್ಪಾ, ಕಾಡುಪಾಪ” ಎಂದು ವಠಾರಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದಳು. ಮರದ ಕೊಂಬೆಯಲ್ಲಿ ಕಣ್ಣು ಬಿಟ್ಟುಕೊಂಡು ಕೂರುವ ಆ ಪುಟ್ಟ ಪ್ರಾಣಿಯ ಹೆಸರು ಅದು. ನನ್ನ ಕಣ್ಣೂ ಮುಖಕ್ಕಿಂತ ಒಂದು ಸುತ್ತು ದೊಡ್ಡವು. ಅತ್ತೆಯ ಕಣ್ಣು ಚಿಕ್ಕವು, ಆದರೆ ಬೇಕೆಂದಾಗ ನಲ್ಲಿಯಂತೆ ನೀರು ಬಿಡುತ್ತಿದ್ದವು.

ಮೊದಮೊದಲು ತಿರುಗಾಟಗಳು ಸಪ್ಪೆಯಾಗಿದ್ದವು. ರೈಲು ಸೇತುವೆಯ ಮೇಲೆ ನಿಂತು ರೈಲು ನೋಡುವುದು, ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಮೂಗು ತುಂಬಿಸಿಕೊಂಡು ಬರುವುದು, ಇಷ್ಟೇ. ಎಲ್ಲ ಶುರುವಾದದ್ದು ಸೀರೆ ಅಂಗಡಿಯಲ್ಲಿ. ಫ್ಯಾನಿನ ಗಾಳಿಗೆಂದು ಒಳಗೆ ಹೋಗಿ ಕೂತ ಅತ್ತೆ ರಾಶಿ ಸೀರೆ ಬಿಚ್ಚಿಸಿದಳು. ಅಂಗಡಿಯವನು, “ಏನಮ್ಮಾ, ತಗೊಳ್ತೀರೋ, ಸುಮ್ನೆ ನೋಡ್ತೀರೋ?” ಎಂದು ಸಿಡುಕಿದ. ಅತ್ತೆ ತಕ್ಷಣ ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದಳು.

“ಬ್ಯಾಸರ ಮಾಡ್ಕಬ್ಯಾಡಿ ಸ್ವಾಮಿ. ಕೋಟೆ ಕಡೆ ಕಾಡ್ನೋರು ನಾವು. ಈ ಕೂಸಿನ ಅವ್ವನ್ನ ಆನೆ ತುಳ್ದಾಕ್ತು. ಒಸ ಸೀರೆ ಕಂಡ್ರೆ ವಸಿ ನಗ್ತದೇನೋ ಅಂತ ಕರ್ಕಂಡ್ ಬಂದೆ.”

ನಾನು ಬಾಯಿ ಬಿಟ್ಟುಕೊಂಡು ಅತ್ತೆಯನ್ನು ನೋಡಿದೆ. ಅವಳು ನನ್ನ ರಟ್ಟೆಯ ಹಿಂಭಾಗವನ್ನು, ಯಾರಿಗೂ ಕಾಣದಂತೆ, ಚಿವುಟಿ ತಿರುಚಿದಳು. ಕಣ್ಣಲ್ಲಿ ನೀರು ತಾನಾಗಿ ಬಂತು. ಅಂಗಡಿಯವನಿಗೆ ಅಷ್ಟೇ ಸಾಕಾಯಿತು. ಶರಬತ್ತು ತರಿಸಿದ. ಅದನ್ನು ಅತ್ತೆಯ ಮಕ್ಕಳು ಕುಡಿದರು.

ಅಲ್ಲಿಂದ ಮುಂದೆ ಅತ್ತೆ ಅವ್ವನನ್ನು ಬೇಕೆಂದಾಗಲೆಲ್ಲ ಸಾಯಿಸತೊಡಗಿದಳು. ತೊಟ್ಟಿಲು ತಿರುಗಿಸುವವನ ಮುಂದೆ ಅವ್ವನಿಗೆ ಹಾವು ಕಚ್ಚಿತು. ಬೊಂಬಾಯಿ ಮಿಠಾಯಿಯವನ ಮುಂದೆ ಚಳಿಜ್ವರ ಬಂತು. ಬೊಂಬೆಯಾಟದ ಟೆಂಟಿನ ಬಾಗಿಲಲ್ಲಿ ಹೊಳೆ ಪಾಲಾದಳು. ಮನೆಯಿಂದ ಹೊರಡುವ ಮುಂಚೆ ಅತ್ತೆಯ ದೊಡ್ಡ ಮಗ ಚಪ್ಪಲಿ ಮೆಟ್ಟುತ್ತಾ ಕೇಳುತ್ತಿದ್ದ: “ಲೇ ಕಾಡುಪಾಪ, ಇವತ್ತು ನಿಮ್ಮವ್ವ ಎಂಗೇ ಸಾಯೋದು?” ಚಿಕ್ಕವನು, “ಆನೇನೇ ಇರ್ಲಿ ಕಣವ್ವ. ಆನೆಗಾದ್ರೆ ಜಾಸ್ತಿ ಕೊಡ್ತಾರೆ” ಅನ್ನುತ್ತಿದ್ದ. ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನನಗೆ ಮಾತ್ರ ಜೀವ ಹೋಗುತ್ತಿತ್ತು. ಆಡಿದ ಮಾತಿಗೆಲ್ಲ ‘ಅಸ್ತು, ಹಾಗೇ ಆಗಲಿ’ ಅನ್ನುವ ಅಸ್ತು ದೇವತೆಗಳು ಸುತ್ತ ಓಡಾಡುತ್ತಿರುತ್ತಾರೆ, ಕೆಟ್ಟದ್ದು ನುಡಿಯಬಾರದು ಎಂದು ಅವ್ವನೇ ಹೇಳಿಕೊಟ್ಟಿದ್ದಳು. ಅತ್ತೆ ಪ್ರತಿ ಸಲ ಬಾಯಿ ತೆರೆದಾಗಲೂ ಯಾವುದೋ ದೇವತೆ ತಲೆ ಅಲ್ಲಾಡಿಸಿದಂತೆ ಅನಿಸುತ್ತಿತ್ತು. ‘ಸುಳ್ಳು, ಸುಳ್ಳು, ಅವ್ವ ಅವ್ಳೆ’ ಎಂದು ನಾನು ತುಟಿ ಅಲ್ಲಾಡಿಸದೆ ಅವಳ ಮಾತಿನ ಹಿಂದೆಯೇ ಹೇಳಿಕೊಳ್ಳುತ್ತಿದ್ದೆ. ಅವ್ವ ನಿಜಕ್ಕೂ ಇದ್ದಾಳೋ ಇಲ್ಲವೋ ಎಂದು ತಿಳಿಯಲು ಆಗ ಫೋನೆಲ್ಲಿತ್ತು? ರಜ ಮುಗಿದು ಅಪ್ಪ ಬರುವವರೆಗೆ ಕಾಯಬೇಕಿತ್ತು…

ಆ ವರ್ಷ ನಾವು ಝೂಗೆ ಹೋದೆವು. ಟಿಕೆಟ್ಟಿನ ಸಾಲಿನಲ್ಲಿ ಕನ್ನಡಕದ ಒಬ್ಬ ಯಜಮಾನರು, ಅವರ ಹೆಂಡತಿ ನಿಂತಿದ್ದರು. ಅತ್ತೆ ಅವರ ಹಿಂದೆಯೇ ಹೋಗಿ ನಿಂತು, ಅವರಿಗೆ ಕೇಳುವಂತೆ ನನಗೆ ಸಮಾಧಾನ ಹೇಳತೊಡಗಿದಳು: “ಅಳ್ಬ್ಯಾಡ ಕಣವ್ವ. ನಿಮ್ಮವ್ವ ಇದ್ದಿದ್ರೆ ತೋರ್ಸೋಳು. ನಾವು ಬಡವ್ರು, ಏನ್ ಮಾಡಾದು, ಗೋಡೆ ಆಚೆಯಿಂದ್ಲೇ ಕೇಳುಸ್ಕಂಡು ಓಗವ.” ಆ ಹೆಂಗಸು ಹಿಂದಕ್ಕೆ ತಿರುಗಿ ನೋಡಿದರು. ಮತ್ತೆ ಆನೆ ಬಂತು, ಅವ್ವನನ್ನು ತುಳಿಯಿತು. ನಮ್ಮ ನಾಲ್ವರ ಟಿಕೆಟ್ಟೂ ಬಂತು.

ಆಕೆ ಒಳ್ಳೆಯವರು. ತಮ್ಮ ಜಡೆಯ ಮಲ್ಲಿಗೆಯಲ್ಲಿ ಒಂದು ತುಂಡು ಕಿತ್ತು ನನಗೆ ಮುಡಿಸಿದರು. ಕೈ ಹಿಡಿದುಕೊಂಡೇ ನಡೆಸಿದರು. ಕೋತಿ, ಕರಡಿ, ನೀರಾನೆ ಎಲ್ಲ ಆದವು. ಒಂದು ತಿರುವಿನಲ್ಲಿ ಗಾಳಿ ಬೀಸಿತು ನೋಡಿ, ನನ್ನ ಮೂಗು ನೆಟ್ಟಗಾಯಿತು. ಎಲ್ಲ ಮರೆತು ಕೂಗಿಬಿಟ್ಟೆ: “ಉಲಿ! ಇಲ್ಲೇ ಎಲ್ಲೋ ಉಲಿ ಐತೆ! ನಮ್ಮವ್ವ ಅನ್ನ ಬೇಯುಸ್ತಾಳಲ್ಲ, ಅದೇ ವಾಸ್ನೆ!”

ಆಕೆ ನಿಂತರು. “ಬೇಯಿಸ್ತಾಳಾ? ಯಾರು ಪುಟ್ಟಿ, ನಿಮ್ಮಮ್ಮನಾ?”

ಅತ್ತೆ ಸಿಕ್ಕಿಬಿದ್ದಳು ಅಂದುಕೊಂಡೆ. ನನಗಾದ ಖುಷಿ ಅಷ್ಟಿಷ್ಟಲ್ಲ. ಆದರೆ ಅತ್ತೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. “ಇದೇ ನೋಡಿ ಅಮ್ಮಾವ್ರೇ ನಮ್ ಕರ್ಮ. ಅವ್ವ ಇನ್ನೂವೆ ಒಲೆ ಮುಂದೆ ಕುಂತವ್ಳೆ ಅಂತ್ಲೇ ತಿಳ್ಕಂಡದೆ ಕೂಸು. ಯಾವ್ ಬಾಯಲ್ಲಿ ಏಳಾದು ನಾವು?”

“ಇಲ್ಲ! ನಮ್ಮವ್ವ ಸತ್ತಿಲ್ಲ! ಬೇಗೂರಲ್ಲಿ ಅವ್ಳೆ!” ಎಂದು ಕಿರುಚಿದೆ. ನಾನು ಕಿರುಚಿದಷ್ಟೂ ಆಕೆಯ ಕಣ್ಣು ತುಂಬಿಕೊಂಡವು. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಸುತ್ತ ನಿಂತ ಜನ ‘ಚು ಚು’ ಅಂದರು. ಅತ್ತೆಯ ಮಕ್ಕಳು ನಗು ತಡೆಯಲಾರದೆ ಅತ್ತ ತಿರುಗಿಕೊಂಡರು, ಅದೂ ಅಳುವಂತೆಯೇ ಕಂಡಿತು. ಆಕೆ ನನ್ನನ್ನು ಅಪ್ಪಿಕೊಂಡು, “ಹೌದು ಪುಟ್ಟಿ, ಇದ್ದಾರೆ. ಎಲ್ಲೂ ಹೋಗಿಲ್ಲ. ನೋಡು, ಮೇಲಿಂದ ನಿನ್ನನ್ನೇ ನೋಡ್ತಿದ್ದಾರೆ” ಎಂದು ಕೈ ಮೇಲೆ ಮಾಡಿ ತೋರಿಸಿದರು.

ನೋಡಿದೆ. ಬೇಲಿಯ ಮೇಲೆ, ಮರದ ತುದಿಯಲ್ಲಿ, ಜಿರಾಫೆಯ ತಲೆ. ಸೊಪ್ಪು ಮೆಲ್ಲುತ್ತಾ ನನ್ನನ್ನೇ ನೋಡುತ್ತಿತ್ತು.

ಅಂಥದ್ದೊಂದು ಪ್ರಾಣಿ ನಮ್ಮ ಕಾಡಿನಲ್ಲಿ ಇರಲಿಲ್ಲ. ನನ್ನ ಅಳು ಅಲ್ಲೇ ನಿಂತುಹೋಯಿತು. ಮಗುವಿಗೆ ಸಮಾಧಾನವಾಯಿತು ಎಂದು ಆಕೆಗೂ ಸಮಾಧಾನವಾಯಿತು.

ವಾಪಸು ಬರುವಾಗ ಕೇಳಿಯೇಬಿಟ್ಟೆ, “ನಮ್ಮವ್ವನ್ನ ಯಾಕೆ ಸಾಯುಸ್ತೀಯ ಅತ್ತೆ?” ಅತ್ತೆ ನಡೆಯುವುದನ್ನು ನಿಲ್ಲಿಸಲೂ ಇಲ್ಲ. “ಬದ್ಕಿರೋ ನಿಮ್ಮವ್ವ ನಿಂಗೇನ್ ತೋರ್ಸವ್ಳೆ? ಸತ್ತಿದ್ಕೇ ಕಣೇ ನೀನು ಜಿರಾಫೆ ನೋಡಿದ್ದು” ಅಂದಳು.

ಊರಿಗೆ ಹೋದಾಗ ಅವ್ವ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಓಡಿಹೋಗಿ ಅವಳ ಕೈ, ಕೆನ್ನೆ, ಕಾಲು ಎಲ್ಲ ಮುಟ್ಟಿ ನೋಡಿದೆ. “ಏನ್ ನೋಡ್ದೆ ಮಗಾ?” ಎಂದಳು. ಜಿರಾಫೆ ಎಂದೆ. ಅದರ ಕತ್ತು ಎಷ್ಟುದ್ದ ಎಂದು ತೋರಿಸಲು ನಾನು ಬೆಂಚಿನ ಮೇಲೆ ಹತ್ತಬೇಕಾಯಿತು. ಅವ್ವ ಬೆರಗಾಗಿ, “ನಿಮ್ಮತ್ತೆ ದೊಡ್ ಮನ್ಸು ಕಣವ್ವ” ಎಂದಳು. ಮರುವರ್ಷ ಅಕ್ಕಿಯ ಚೀಲ ಇನ್ನಷ್ಟು ದಪ್ಪವಾಗಿತ್ತು.

ಅವ್ವ ನಿಜವಾಗಿ ಹೋದದ್ದು ನಾನು ಮದುವೆಯಾಗಿ ಹುಣಸೂರಿಗೆ ಬಂದು ಎಷ್ಟೋ ಕಾಲವಾದ ಮೇಲೆ. ಆನೆಯೂ ಇಲ್ಲ, ಹಾವೂ ಇಲ್ಲ. ಮಲಗಿದವಳು ಏಳಲಿಲ್ಲ, ಅಷ್ಟೇ. ಹೆಣದ ಪಕ್ಕ ಕೂತ ನನಗೆ ಅಳುವೇ ಬರಲೊಲ್ಲದು. ಅವಳು ಸತ್ತಳೆಂದು ಅಳಬೇಕಾದದ್ದನ್ನೆಲ್ಲ ಎಂದೋ ಶರಬತ್ತಿಗೆ, ಮಿಠಾಯಿಗೆ ಅತ್ತು ಮುಗಿಸಿದ್ದೆ. ಮೈಸೂರಿನಿಂದ ಬಂದ ಅತ್ತೆ ನನ್ನ ಬೆನ್ನ ಹಿಂದೆ ಕೂತು ಕಿವಿಯಲ್ಲಿ, “ಅಳೇ. ಈಗ್ ನಿಜ ಕಣೇ. ಜನ ನೋಡ್ತಾವ್ರೆ” ಅಂದಳು. ಆಮೇಲೆ ರಟ್ಟೆಯ ಹಿಂಭಾಗವನ್ನು ಚಿವುಟಿ ತಿರುಚಿದಳು. ಬಂತು… ಧಾರೆಧಾರೆಯಾಗಿ ಬಂತು.

ಅತ್ತೆಯೂ ಹೋದಳು. ಅವಳ ಸಾವಿನಿಂದ ಯಾರಿಗೂ ಒಂದು ಲೋಟ ಶರಬತ್ತೂ ಸಿಗಲಿಲ್ಲ. ಅವತ್ತು ನಾನು ಅಳಲಿಲ್ಲ. ಚಿವುಟುವವರು ಯಾರೂ ಇರಲಿಲ್ಲ. ಮೈಸೂರಿನ ಯಾವ ಬೀದಿಯಲ್ಲಿ ಹೋದರೂ, ಇಲ್ಲಿ ಅವ್ವ ಹಾವು ಕಚ್ಚಿ ಸತ್ತಳು, ಅಲ್ಲಿ ಹೊಳೆ ಪಾಲಾದಳು ಎಂದು ನನಗೆ ಮಾತ್ರ ಗೊತ್ತಿರುವ ಗುರುತುಗಳು. ಅತ್ತೆಯ ಮಕ್ಕಳಿಗೆ ಅದೆಲ್ಲ ಎಂದೋ ಮರೆತುಹೋಗಿದೆ. ಒಟ್ಟಿಗೆ ಕೂತು ಅದನ್ನು ನೆನೆಯಲು ಇನ್ನೊಂದು ಜೀವ ಉಳಿದಿಲ್ಲ.

ಈ ಭಾನುವಾರ ಸೊಸೆ ಹುಡುಕಿದ ಕೆರೆಯ ಪಾರ್ಕಿಗೆ ಹೋದೆವು. ಒಳಗೆ ಹೋಗಲು ದುಡ್ಡಿಲ್ಲ, ಆದರೆ ಗೇಟಿನಲ್ಲೇ ಐಸ್‌ಕ್ರೀಮಿನ ಗಾಡಿ. ಸೊಸೆ ಬೇಡ ಅಂದಳು, ಮಕ್ಕಳ ಮುಖ ಜೋತುಬಿತ್ತು. ಅತ್ತೆಯ ಕಥೆಯನ್ನೆಲ್ಲ ಹಿಂದಿನ ದಿನವೇ ಕೇಳಿದ್ದ ಮೊಮ್ಮಗಳನ್ನು ಪಕ್ಕಕ್ಕೆ ಎಳೆದು ಕಿವಿಯಲ್ಲಿ ಹೇಳಿದೆ: “ಓಗು, ನಮ್ಮವ್ವ ಸತ್ತೋಗವ್ಳೆ ಅನ್ನು. ಪುಕ್ಸಟ್ಟೆ ಕೊಡ್ತಾನೆ.”

ಅವಳು ಗಾಡಿಯವನನ್ನು ನೋಡಿದಳು, ಅವರಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ಅಮ್ಮ ಬೇಡ. ಅಜ್ಜಿ ಸತ್ತೋದ್ರು ಅಂತೀನಿ. ನೀನು ಆ ಮರದ ಹಿಂದೆ ಹೋಗಿ ನಿಂತ್ಕೋ.”