ಕುಟ್ಟಪ್ಪನ ಅಳತೆಯ ಪಟ್ಟಿ

ದೆವ್ವ, ಪವಾಡ ಎಂದರೆ ನಕ್ಕುಬಿಡುವವರ ಗುಂಪಿನಲ್ಲಿ ನಾನೂ ಒಬ್ಬ. ಈಗಲೂ ಆ ಗುಂಪು ಬಿಟ್ಟಿಲ್ಲ. ನಗು ಮಾತ್ರ ಮೊದಲಿನಷ್ಟು ಜೋರಾಗಿ ಬರುವುದಿಲ್ಲ. ಈಗ ಹೇಳುವುದು ಹಾಡುಹಗಲಿನಲ್ಲಿ ನಡೆದದ್ದು. ನಂಬಿ ಎಂದು ಒತ್ತಾಯ ಮಾಡುವ ಶಕ್ತಿ ನನಗಿಲ್ಲ, ಹಟವೂ ಇಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಹೊಸತು. ನಾನು ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ನೌಕರಿ ಬಿಡದೆ ವರ್ಷಕ್ಕೊಮ್ಮೆ ಸೈನಿಕ ತರಬೇತಿ ಪಡೆಯುವ ಪಡೆಯೊಂದಿತ್ತು. ಒಂದು ತಿಂಗಳು ಫೈಲುಗಳ ಮುಖ ನೋಡಬೇಕಾಗಿಲ್ಲ ಎಂಬ ಆಸೆಗೆ ಸೇರಿದೆ. ನಮ್ಮ ಕಚೇರಿಯ ಜವಾನ ಕುಟ್ಟಪ್ಪನ್ ಕೂಡ ಸೇರಿದ. ನನಗಿಂತ ಏಳೆಂಟು ವರ್ಷ ದೊಡ್ಡವನು, ಆದರೂ ನನ್ನನ್ನು ‘ಸಾರೆ’, ಅಂದರೆ ಸಾರ್, ಎಂದೇ ಕರೆಯುತ್ತಿದ್ದ. ಶಿಬಿರ ತಿರುವನಂತಪುರದಲ್ಲಿ. ಅಲ್ಲಿನ ತಂಪಾನೂರು ಸ್ಟೇಷನ್ನಿನಲ್ಲಿ ರೈಲು ಇಳಿದ ಮರುದಿನವೇ ನಮ್ಮಿಬ್ಬರ ಪಾಲಿಗೆ ಒಂದು ಬ್ರೆನ್ ಗನ್ ಬಂತು.

ಅದು ಮಹಾಯುದ್ಧದಲ್ಲಿ ದುಡಿದು ಮುಗಿಸಿದ್ದ ಯಂತ್ರಬಂದೂಕು. ತೂಕ ಇಪ್ಪತ್ತೆರಡು ಪೌಂಡು. ಮೊದಲ ಮೈಲಿ ಹುಮ್ಮಸ್ಸಿನಲ್ಲಿ ಕಳೆಯುತ್ತದೆ; ಎರಡನೆಯದಕ್ಕೆ ಹೆಗಲಿನ ಮೂಳೆ ಎಲ್ಲಿದೆ ಎಂದು ಗೊತ್ತಾಗುತ್ತದೆ; ಮೂರನೆಯದಕ್ಕೆ ಕಬ್ಬಿಣ ಕಂಡುಹಿಡಿದವನ ಮೇಲೆ ಸಿಟ್ಟು ಬರುತ್ತದೆ. ಮಲಗಿ ಗುಂಡು ಹಾರಿಸುವಾಗಲೂ ಸುಮ್ಮನಿರದು, ಕೈ ಬಿಡಿಸಿಕೊಂಡು ಮುಂದಕ್ಕೆ ತೆವಳಲು ನೋಡುತ್ತದೆ. ಒಬ್ಬ ಹಾರಿಸಬೇಕು, ಇನ್ನೊಬ್ಬ ಮ್ಯಾಗಜೀನ್ ಬದಲಿಸಬೇಕು. ಹೊರುವುದು ಸರದಿಯ ಮೇಲೆ, ಮೈಲಿಗೊಬ್ಬರಂತೆ. ಮೈಲಿಗಲ್ಲು ಬಂದಾಗ ಹಿಂದಿನವನು “ಇನಿ ಞಾನ್” ಎನ್ನುತ್ತಿದ್ದ, ಅಂದರೆ ಇನ್ನು ನಾನು. ಅಷ್ಟು ಹೇಳಿ ನಡೆಯುತ್ತಲೇ ಬಂದೂಕು ಎತ್ತಿಕೊಳ್ಳಬೇಕು.

ತಾಪತ್ರಯವೆಲ್ಲ ಹೆಗಲಪಟ್ಟಿಯದು. ಕುಟ್ಟಪ್ಪನ್ ಆರಡಿ ಆಳು, ನಾನು ಐದರ ಮೇಲೆ ಸ್ವಲ್ಪ. ಅವನ ಅಳತೆಗೆ ಪಟ್ಟಿ ಬಿಟ್ಟರೆ ಬಂದೂಕು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ನನ್ನ ಅಳತೆಗೆ ಬಿಗಿದರೆ ಅವನ ಕಂಕುಳು ಕೊಯ್ಯುತ್ತಿತ್ತು. ಕೊಕ್ಕೆ ಬೇರೆ ತುಕ್ಕು ಹಿಡಿದದ್ದು, ಹಲ್ಲು ಹಾಕಿ ಎಳೆಯಬೇಕು. ಪ್ರತಿ ಕಲ್ಲಿನ ಹತ್ತಿರವೂ ಇದೇ ಪಾಡು.

ಶಿಬಿರದ ಕೊನೆಗೆ ವಿಳಿಂಜಂ ಕಡೆಯ ಕಡಲದಂಡೆಗೆ ನಡಿಗೆ, ಪೂರಾ ಹೊರೆ ಹೊತ್ತು ಹನ್ನೆರಡು ಮೈಲಿ. ಅಲ್ಲಿ ಗುಂಡು ಹಾರಿಸುವ ಪರೀಕ್ಷೆ. ಹೊರಡುವ ಮುಂಚೆ ಕುಟ್ಟಪ್ಪನ್ ಮೆಲ್ಲಗೆ, “ಸಾರೆ, ಮೈ ಕಾಯ್ತಾ ಉಂಟು” ಎಂದ. ಹಣೆ ಮುಟ್ಟಿದೆ, ಸುಡುತ್ತಿತ್ತು. ಹವಾಲ್ದಾರನಿಗೆ ಹೇಳಿದರೆ ಅವನು ಶಿಬಿರದಲ್ಲೇ ಉಳಿಯುತ್ತಾನೆ, ಬಂದೂಕು ಪೂರ್ತಿ ನನ್ನ ಕುತ್ತಿಗೆಗೆ ಬೀಳುತ್ತದೆ. “ನಡೆದರೆ ಬೆವರು ಬಂದು ಇಳಿಯುತ್ತದೆ ಬಿಡು” ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ದಾರಿಯಲ್ಲಿ ನನ್ನ ಸರದಿಯ ಎರಡು ಕಲ್ಲುಗಳನ್ನು, ತೆಂಗಿನಮರ ನೋಡುವ ನೆವದಲ್ಲಿ, ಕಾಣದವನ ಹಾಗೆ ದಾಟಿದೆ. ಅವನು ಬಂದೂಕು ಹೊತ್ತುಕೊಂಡೇ ನಡೆದ. ಐದನೆಯ ಕಲ್ಲಿನ ಬಳಿ ಕುಸಿದು ಬಿದ್ದ. ಲಾರಿಯಲ್ಲಿ ಹಾಕಿ ಆಸ್ಪತ್ರೆಗೆ ಕಳಿಸಿದರು.

ನಾನು ಪಟ್ಟಿಯನ್ನು ಹಲ್ಲಿನಿಂದ ಎಳೆದು ನನ್ನ ಅಳತೆಗೆ ಬಿಗಿದು ಹೊರಟೆ. ಬಿಸಿಲು ನೆತ್ತಿಗೇರಿತು. ಒಬ್ಬೊಬ್ಬರೇ ನನ್ನನ್ನು ದಾಟಿ ಹೋಗಿ, ಸಾಲಿನಲ್ಲಿ ನಾನೇ ಕೊನೆಯವನಾದೆ. ಎಂಟನೆಯ ಕಲ್ಲಿನ ಹತ್ತಿರ ಕಣ್ಣು ಮಂಜಾಯಿತು. ಎಸೆದುಬಿಡೋಣ ಅನ್ನಿಸಿತು. ಆಯುಧ ಕಳೆದರೆ ಜೈಲು, ನೌಕರಿಯೂ ಹೋಗುತ್ತದೆ, ಊರಿನಲ್ಲಿ ಅಮ್ಮ, ಇಬ್ಬರು ತಂಗಿಯರು ನನ್ನ ಸಂಬಳದ ಮೇಲೇ ಇದ್ದರು. ಆಗ ಬೆನ್ನ ಹಿಂದೆ ಮೆಲ್ಲಗೆ ಕೇಳಿಸಿತು: “ಇನಿ ಞಾನ್.”

ಹೆಗಲು ಹಗುರಾಯಿತು. ನಾನು ತಿರುಗಿ ನೋಡಲಿಲ್ಲ. ನಿಜ ಹೇಳುತ್ತೇನೆ, ಹೆದರಿ ಅಲ್ಲ. ನೋಡಿದರೆ ಬಂದೂಕು ಮತ್ತೆ ನನ್ನ ಹೆಗಲಿಗೇ ಬಂದೀತು ಎಂದು ನೋಡಲಿಲ್ಲ. ಕೈ ಬೀಸಿಕೊಂಡು ನಡೆದೆ.

ಕಡಲಿನ ಸದ್ದು ಕೇಳಿದಾಗ ಎಚ್ಚರವಾದಂತಾಗಿ ಹೆಗಲು ಮುಟ್ಟಿಕೊಂಡೆ. ಬಂದೂಕಿಲ್ಲ. ಹಿಂದೆ ನೋಡಿದರೆ ದಾರಿ ಖಾಲಿ. ಹವಾಲ್ದಾರನ ಹತ್ತಿರ ಓಡಿ, “ಗನ್, ಗನ್” ಎಂದು ತೊದಲಿದೆ. ಅವನು ರೇಗಿದ: “ತಲೆ ಸರಿ ಇದೆಯೇನಯ್ಯಾ? ಈಗಷ್ಟೆ ನೀನೇ ಹೊತ್ತು ತಂದು ಇಟ್ಟೆಯಲ್ಲ!”

ನಮ್ಮ ಜಾಗದ ಮರಳಿನಲ್ಲಿ ಬಂದೂಕು ತನ್ನ ಎರಡು ಕಾಲೂರಿ ನಿಂತಿತ್ತು. ದಣಿದವನಿಗೆ ತಾನು ಮಾಡಿದ್ದೇ ನೆನಪಿರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮಲಗಿ ಗುರಿ ಹಿಡಿಯುವಾಗ ಪಟ್ಟಿ ಕೈಗೆ ತಾಗಿತು. ಅದು ಕೊನೆಯ ತೂತಿನವರೆಗೆ ಸಡಿಲವಾಗಿತ್ತು. ಕುಟ್ಟಪ್ಪನ ಅಳತೆ. ಆ ಅಳತೆಯಲ್ಲಿ ನಾನು ನಾಲ್ಕು ಮೈಲಿ ಹೊತ್ತಿದ್ದರೆ ಮೊಣಕಾಲು ಜಜ್ಜಿಹೋಗಬೇಕಿತ್ತು. ನನ್ನ ಕಾಲಿಗೆ ಒಂದು ಗೀರೂ ಇರಲಿಲ್ಲ. ಗುಂಡು ಹಾರಿಸಿದೆ, ಅವು ಎಲ್ಲಿ ಹೋದವೋ ಗೊತ್ತಿಲ್ಲ.

ಸಂಜೆ ಆಸ್ಪತ್ರೆಗೆ ಹೋದೆ, ತಪ್ಪು ಒಪ್ಪಿಕೊಳ್ಳಬೇಕೆಂದೇ. ಕುಟ್ಟಪ್ಪನ್ ಹಾಸಿಗೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ, ಬೇಸರವಿಲ್ಲದ ದನಿಯಲ್ಲಿ ಹೇಳಿದ: “ಆದರೂ ಸಾರೆ, ಎಂಟನೇ ಕಲ್ಲಿಂದ ಕಡಲಿನವರೆಗೆ ನೀವು ಒಂದು ಸಲವೂ ತಗೊಳ್ಳಲಿಲ್ಲವಲ್ಲ.”

ಅವನನ್ನು ಐದನೆಯ ಕಲ್ಲಿನಲ್ಲೇ ಲಾರಿಗೆ ಹಾಕಿದ್ದರು. ಜ್ವರದ ಬಡಬಡಿಕೆ ಎನ್ನಬಹುದಿತ್ತು. “ತಪ್ಪಾಯಿತು ಕುಟ್ಟಪ್ಪಾ” ಎಂದೆ. ಅವನು ತಲೆಯಾಡಿಸಿ ಗಂಜಿ ಮುಗಿಸಿದ.

ಊರಿನಲ್ಲಿ ವಕೀಲಿ ಮಾಡುವ ನನ್ನ ದೊಡ್ಡಪ್ಪನ ಮಗ ಇದನ್ನು ಕೇಳಿ, “ನಿನ್ನ ತಲೆಗೆ ಬಿಸಿಲು ಹತ್ತಿದ್ದು ಮಾರಾಯ, ಬೇರೆ ಎಂತದ್ದೂ ಅಲ್ಲ” ಎಂದ. ಇರಬಹುದು. ವರ್ಷದ ನಂತರ ಕೊಚ್ಚಿಯಲ್ಲಿ ಕುಟ್ಟಪ್ಪನನ್ನೇ ಕೇಳಿದೆ. ಲಾರಿ ಹತ್ತಿದ ಮೇಲಿನದೊಂದೂ ನೆನಪಿಲ್ಲ ಎಂದು ನಕ್ಕು, ನನ್ನ ಮೇಜಿನ ಫೈಲುಗಳನ್ನು ಹೆಗಲಿಗೇರಿಸಿಕೊಂಡು ಹೋದ. ಬಂದೂಕು ಹೊತ್ತವರು ಯಾರೋ, ಇವತ್ತಿಗೂ ನನಗೆ ತಿಳಿಯದು. ಸರದಿ ಯಾರದಾಗಿತ್ತು ಎಂಬುದು ಮಾತ್ರ ಚೆನ್ನಾಗಿ ಗೊತ್ತು.